ಕಿರಿಕಿರಿ ಮೇಡಂ ಜಗಳವಾಡಿ ತಂದ ಟ್ಯಾಬು

ಆ ಶಾಲೆಯ ಗಣಿತದ ಮೇಡಂಗೆ ಮಕ್ಕಳು ಇಟ್ಟ ಹೆಸರು ಕಿರಿಕಿರಿ ಮೇಡಂ. ಹೆಸರಿಟ್ಟವರು ಶಾಲೆ ಮುಗಿಸಿ, ಮದುವೆಯಾಗಿ, ತಮ್ಮ ಮಕ್ಕಳನ್ನು ತಂದು ಅದೇ ಶಾಲೆಗೆ ಸೇರಿಸಿದ್ದೂ ಆಯಿತು. ಹೆಸರು ಮಾತ್ರ ಅಳಿಸಿಹೋಗಿಲ್ಲ. ಮೇಡಂಗೂ ಅದು ಗೊತ್ತು. "ಕಿರಿಕಿರಿ ಆಗೋ ಹಾಗೆ ಎಲ್ಲಾ ಇಟ್ಕೊಂಡು, ಕಿರಿಕಿರಿ ಆಗಬಾರದು ಅಂದ್ರೆ ಹೇಗೆ?" ಎನ್ನುತ್ತಾರೆ. ನಲ್ಲಿ ತೊಟ್ಟಿಕ್ಕಿದರೆ ಅವರಿಗೆ ಪಾಠ ಮಾಡಲಾಗುವುದಿಲ್ಲ. ಬೆಂಚಿನ ಕಾಲು ಕುಂಟಿದರೆ ಆಗುವುದಿಲ್ಲ. ಸಭೆಯಲ್ಲಿ ಯಾರಾದರೂ "ಮಾಡೋಣ, ನೋಡೋಣ" ಅಂದರೆ, "ಮಾಡೋದು ಯಾವಾಗ, ನೋಡೋದು ಯಾರು?" ಎಂದು ಕೇಳಿಬಿಡುತ್ತಾರೆ. ಇಂಥವರನ್ನು ಯಾರು ತಾನೇ ಪಕ್ಕದಲ್ಲಿ ಕೂರಿಸಿಕೊಂಡು ಟೀ ಕುಡಿದಾರು? ಶಿಕ್ಷಕರ ಕೋಣೆಯಲ್ಲಿ ಅವರ ಎಡಬಲದ ಕುರ್ಚಿಗಳು ಯಾವಾಗಲೂ ಖಾಲಿ.

ಒಂಬತ್ತನೇ ತರಗತಿಯ ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಬಸ್ ಓಡಿಸುತ್ತಿದ್ದುದರಿಂದ ಎಲ್ಲರಿಗೂ ಅವಳು ಡ್ರೈವರ್ ಮಗಳು. ಹುಟ್ಟಿದಾಗಿನಿಂದ ಕಣ್ಣು ಕಾಣದು. ಆದರೂ ಲೆಕ್ಕದಲ್ಲಿ ತರಗತಿಯ ಮೊದಲ ಸಾಲಿನವಳು. "ಗಣಿತ ಯಾಕೆ ಇಷ್ಟ ನಿಂಗೆ?" ಅಂತ ಮೇಡಂ ಒಮ್ಮೆ ಕೇಳಿದ್ದಕ್ಕೆ, "ಬೇರೆ ವಿಷಯದಲ್ಲಿ ನಾವು ಹೇಳಿದ್ದು ನೀನು ನಂಬು ಅಂತಾರೆ ಮೇಡಂ. ಇದರಲ್ಲಿ ಯಾಕೆ ಅಂತ ಹೇಳಲೇಬೇಕು" ಅಂದಿದ್ದಳು. ಆ ಮಾತು ಕೇಳಿದ ದಿನದಿಂದ ಮೇಡಂಗೆ ಅವಳ ಮೇಲೆ ಒಂದು ಕಣ್ಣು.

ಹೆಡ್‌ಮಾಸ್ಟರಿಗೆ ಮಾತ್ರ ಅವಳ ಬಗ್ಗೆ ಕರುಣೆ. ಕಣ್ಣು ಕಾಣದ ಮಕ್ಕಳು ಗಣಿತ ಬಿಟ್ಟು, ಅದರ ಬದಲು ಇನ್ನೊಂದು ಸುಲಭದ ವಿಷಯ ತೆಗೆದುಕೊಳ್ಳಬಹುದು ಎಂಬ ನಿಯಮವಿತ್ತು. ಹಾಗೆ ಬಿಟ್ಟವರಿಗೆ ಮುಂದೆ ವಿಜ್ಞಾನದ ಬಾಗಿಲು ಮುಚ್ಚಿಹೋಗುತ್ತದೆ ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. "ಪಾಪ, ಯಾಕೆ ಸುಮ್ಮನೆ ಹಿಂಸೆ? ಅವಳ ಹೆಸರನ್ನ ಗಣಿತ ಬಿಡೋರ ಪಟ್ಟಿಗೆ ಹಾಕಿ ಕಳಿಸಿಬಿಡೋಣ" ಎಂದು ಹೆಡ್‌ಮಾಸ್ಟರು ವರ್ಷದ ಶುರುವಿನಿಂದಲೂ ಹೇಳುತ್ತಿದ್ದರು. ನಮ್ಮ ಕರುಣೆಯೇ ಹೀಗೆ. ಇನ್ನೊಬ್ಬರ ದಾರಿಯನ್ನು ಮೊಟಕು ಮಾಡಿ, ಅವರ ಕಾಲಿಗೆ ನೋವಾಗದಿರಲಿ ಅಂತ ಮಾಡಿದೆವು ಎನ್ನುತ್ತದೆ. ನೋವು ತಪ್ಪುವುದು ಅವರ ಕಾಲಿಗಲ್ಲ, ನಮ್ಮ ಮೈಗೆ.

ಅದೇ ವರ್ಷ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಜೊತೆಗೆ, ಕಣ್ಣು ಕಿವಿ ಸರಿಯಿಲ್ಲದ ಮಕ್ಕಳಿಗೆಂದೇ ಒಂದಿಷ್ಟು ಟ್ಯಾಬು. ಬೋರ್ಡನ್ನು ಗೋಡೆಗೆ ಹೊಡೆದದ್ದಾಯಿತು. ಟ್ಯಾಬುಗಳು ಆಫೀಸಿನ ಕಬ್ಬಿಣದ ಬೀರುವಿಗೆ ಹೋದವು. ಬೀರುವಿನ ಬೀಗದಕೈ ಗುಮಾಸ್ತರ ಸೊಂಟದಲ್ಲಿ. ಅವರನ್ನು ಎಲ್ಲರೂ ಬೀಗಣ್ಣ ಎಂದೇ ಕರೆಯುತ್ತಿದ್ದರು. ಹೊಸ ಪೊರಕೆ ಬಂದರೂ ಪ್ಲಾಸ್ಟಿಕ್ ಬಿಚ್ಚದೆ ಒಳಗಿಡುವ ಮನುಷ್ಯ.

ಮೇಡಂ ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತರು.

"ಸರ್, ಆ ಟ್ಯಾಬು ಬಂದಿರೋದು ಯಾರಿಗೆ?"

"ಮಕ್ಕಳಿಗೆ ಮೇಡಂ."

"ಮಕ್ಕಳು ಬೀರು ಒಳಗಿದಾರಾ?"

ಹೆಡ್‌ಮಾಸ್ಟರು ಬೀಗಣ್ಣನ ಕಡೆ ಕೈ ತೋರಿಸಿದರು. ಬೀಗಣ್ಣ ನಿಧಾನವಾಗಿ ವಿವರಿಸಿದರು: "ಮಕ್ಕಳ ಕೈಗೆ ಕೊಟ್ರೆ ಹಾಳಾಗುತ್ತೆ ಮೇಡಂ."

"ಕೊಡದೇ ಇದ್ರೆ?"

"ಹೊಸದಾಗೇ ಇರುತ್ತೆ."

ಇದಕ್ಕೆ ಉತ್ತರ ಹೇಳುವ ಶಕ್ತಿ ಯಾವ ಗಣಿತಕ್ಕೂ ಇಲ್ಲ. ಮೇಡಂ ಒಂದು ಕುರ್ಚಿ ಎಳೆದುಕೊಂಡು ಹೋಗಿ ಬೀರುವಿನ ಬಾಗಿಲಿಗೆ ಒತ್ತಿ ಹಾಕಿ, ಅದರ ಮೇಲೆ ಕೂತು, ಪಾಠವಿಲ್ಲದ ಹೊತ್ತಿನಲ್ಲಿ ಪೇಪರು ತಿದ್ದತೊಡಗಿದರು. ಬೀಗಣ್ಣ ನಕ್ಕರು. ಊಟದ ಗಂಟೆ ಹೊಡೆದಾಗ ನಗು ನಿಂತಿತು. ಅವರ ಊಟದ ಡಬ್ಬಿಯೂ ಅದೇ ಬೀರುವಿನೊಳಗಿತ್ತು.

"ಮೇಡಂ, ಸ್ವಲ್ಪ ಏಳ್ತೀರಾ?"

"ಯಾಕೆ? ಒಳಗಿದ್ರೆ ಹೊಸದಾಗೇ ಇರುತ್ತಲ್ಲ."

ಆ ಮಧ್ಯಾಹ್ನ ಡಬ್ಬಿಯ ಹಿಂದೆಯೇ ಟ್ಯಾಬೂ ಹೊರಗೆ ಬಂತು. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ಟರು ಅದನ್ನು ತಾವೇ ತರಿಸಿದವರಂತೆ ಎರಡೂ ಕೈಯಲ್ಲಿ ಹಿಡಿದು ಹುಡುಗಿಗೆ ಕೊಟ್ಟರು. ಫೋಟೋ ತೆಗೆಯಲಾಯಿತು. "ಈ ಕಡೆ ನೋಡಮ್ಮ" ಅಂತ ಫೋಟೋ ತೆಗೆಯುವವನು ಅಂದ. ಯಾರೋ ಅವಳ ಗಲ್ಲ ಹಿಡಿದು ಅತ್ತ ತಿರುಗಿಸಿದರು.

ಟ್ಯಾಬಿನ ಕೆಲಸ ಇಷ್ಟು. ತರಗತಿಯಲ್ಲಿ ನಡೆದ ಮಾತನ್ನೆಲ್ಲ ಅದು ಹಿಡಿದಿಡುತ್ತದೆ. ಸ್ಮಾರ್ಟ್ ಬೋರ್ಡಿನ ಪುಟಗಳನ್ನು ತನ್ನೊಳಗೆ ತರಿಸಿಕೊಂಡು ಓದಿ ಹೇಳುತ್ತದೆ. ಹುಡುಗಿ ಮನೆಗೆ ಹೋಗಿ ಕಿವಿಗೆ ಹಾಕಿಕೊಂಡು ಎಷ್ಟು ಸಲ ಬೇಕಾದರೂ ಕೇಳಬಹುದು. ಮೇಡಂಗೆ ಯುದ್ಧ ಗೆದ್ದಷ್ಟು ಸಂತೋಷ.

ಒಂದೇ ಒಂದು ತೊಂದರೆ ಉಳಿದಿತ್ತು. ಡ್ರೈವರ್ ಮಗಳ ಪಕ್ಕ ಕೂರುತ್ತಿದ್ದ ಗೆಳತಿ. ಆ ಹುಡುಗಿಯ ಬಾಯಿ ಒಂದು ಗಳಿಗೆ ಸುಮ್ಮನಿರದು, ಅದಕ್ಕೇ ಅವಳ ಹೆಸರು ವಟವಟ. ಮೇಡಂ ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆನ್ನ ಹಿಂದೆ ಪಿಸುಪಿಸು ಶುರು. ಟ್ಯಾಬು ಬಂದ ಒಂದೆರಡು ದಿನಕ್ಕೆ ಮೇಡಂ ರೇಗಿದರು.

"ಏಳು. ನಿನ್ನ ಪಿಸುಪಿಸುವೆಲ್ಲ ಅದರಲ್ಲಿ ರೆಕಾರ್ಡ್ ಆಗುತ್ತೆ. ಕಿಟಕಿ ಪಕ್ಕದ ಬೆಂಚಿಗೆ ಹೋಗು."

"ಮೇಡಂ, ನಾನು ಅವಳಿಗೆ..."

"ಅವಳಿಗೆ ಮಿಷನ್ ಬಂದಿದೆ. ನಿನ್ನ ವಟವಟ ಬೇಡ. ಎದ್ದೇಳು ಅಂದೆ."

ವಟವಟ ಚೀಲ ಎತ್ತಿಕೊಂಡು ಹೋದಳು. ಡ್ರೈವರ್ ಮಗಳು ಕೈಚಾಚಿ ಪಕ್ಕದ ಖಾಲಿ ಜಾಗವನ್ನೊಮ್ಮೆ ಸವರಿದಳು. ಮೇಡಂ ಆಗಲೇ ಬೋರ್ಡಿನ ಕಡೆ ತಿರುಗಿದ್ದರು.

ಮುಂದಿನ ಕಿರುಪರೀಕ್ಷೆ ಬಂತು. ಹುಡುಗಿ ಹೇಳಿದ್ದನ್ನು ಬರೆಯಲು ಕೆಳಗಿನ ತರಗತಿಯವಳೊಬ್ಬಳನ್ನು ಕೂರಿಸಿದರು. ಬರೆಯುವವಳ ಪೆನ್ನಿಗೆ ಕೆಲಸವೇ ಇರಲಿಲ್ಲ. ಯಾವಾಗಲೂ ಮೊದಲ ಸಾಲಿನಲ್ಲಿರುತ್ತಿದ್ದವಳು ಪಾಸೂ ಆಗಲಿಲ್ಲ.

"ನೋಡಿ ಮೇಡಂ," ಹೆಡ್‌ಮಾಸ್ಟರ ದನಿಯಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು, "ಮಿಷನ್ ಕೊಟ್ಟೂ ಆಯ್ತು. ನಮ್ಮ ಕಡೆಯಿಂದ ಏನೂ ಕಡಿಮೆ ಆಗಿಲ್ಲ. ಈ ವಾರವೇ ಪಟ್ಟಿ ಕಳಿಸಬೇಕು. ಗಣಿತ ಬಿಡಿಸಿಬಿಡೋಣ. ಅವರಪ್ಪನೂ ಒಪ್ಪಿದಾರೆ."

ಗೇಟಿನ ಹತ್ತಿರ ಅಪ್ಪ ಸಿಕ್ಕಾಗ ಮೇಡಂ ಹಾರಿಬಿದ್ದರು. "ಒಪ್ಪಿಕೊಂಡ್ರಂತೆ?"

"ಮನೇಲಿ ಆ ಮಿಷನ್ ಕಿವಿಗಿಟ್ಕೊಂಡು ಅಳ್ತಾ ಕೂತಿರ್ತಾಳೆ ಮೇಡಂ. ಕೇಳಿದ್ರೆ ಏನಿಲ್ಲ ಅಂತಾಳೆ. ಹಾಗೆ ಅತ್ತುಕೊಂಡು ಕಲಿಯೋದಾದ್ರೂ ಏನಿದೆ, ಬಿಟ್ಬಿಡಲಿ."

ಎಲ್ಲರ ಮೇಲಿನ ಸಿಟ್ಟೂ ಸೇರಿ ಹೋಗಿ ಬಿದ್ದದ್ದು ಹುಡುಗಿಯ ಮೇಲೆ. ತರಗತಿ ಖಾಲಿಯಾದ ಮೇಲೆ ಮೇಡಂ ಅವಳನ್ನು ನಿಲ್ಲಿಸಿಕೊಂಡರು.

"ಅಷ್ಟು ಜನರ ಹತ್ರ ಜಗಳ ಆಡಿ ತಂದುಕೊಟ್ಟೆ. ಪಾಠ ಕೇಳಿದ್ಯೋ ಇಲ್ವೋ?"

"ಕೇಳಿದೆ ಮೇಡಂ."

"ಎಷ್ಟು ಸಲ?"

"ತುಂಬಾ ಸಲ."

"ಮತ್ತೆ?"

ಹುಡುಗಿಯ ಬೆರಳು ಟ್ಯಾಬಿನ ಅಂಚನ್ನು ಒರೆಸುತ್ತಲೇ ಇತ್ತು. "ಕೊಡು ಇಲ್ಲಿ" ಎಂದು ಮೇಡಂ ಅದನ್ನು ಕಿತ್ತುಕೊಂಡವರಂತೆ ತೆಗೆದುಕೊಂಡು ಚೀಲಕ್ಕೆ ಹಾಕಿದರು. ಮಿಷನ್ನೇ ಕೆಟ್ಟಿರಬೇಕು. ಬೀಗಣ್ಣ ಬೇಕೆಂದೇ ಕೆಟ್ಟದ್ದನ್ನು ಆರಿಸಿ ಕೊಟ್ಟಿರಬೇಕು. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಬೀಗಣ್ಣನಿಗೆ ಅನ್ನಬೇಕಾದ ಮಾತುಗಳೆಲ್ಲ ಅವರ ತಲೆಯಲ್ಲಿ ಸಿದ್ಧವಾಗಿದ್ದವು.

ಮನೆಯಲ್ಲಿ ಗಂಡ ಅಡುಗೆಮನೆಯ ಕಟ್ಟೆಯ ಹತ್ತಿರ ಬೀನ್ಸ್ ಕತ್ತರಿಸುತ್ತಿದ್ದರು. ಪೋಸ್ಟಾಫೀಸಿನ ಕೌಂಟರಿನ ಹಿಂದೆ ಕೂತು ಕೂತು ತಾಳ್ಮೆ ಕಲಿತವರು. ಹೆಂಡತಿಯ ಮುಖ ನೋಡಿದರು, ಏನೂ ಕೇಳಲಿಲ್ಲ, ಟೀ ಇಟ್ಟರು. ಮೇಡಂ ಹೊರಗಿನ ಕೋಣೆಯಲ್ಲಿ ಕಾಲು ಚಾಚಿ ಕೂತು ಟ್ಯಾಬು ಒತ್ತಿದರು. ಮಿಷನ್ ಕೆಟ್ಟಿರಲಿಲ್ಲ. ಅವರ ದನಿ ಸ್ಪಷ್ಟವಾಗಿ, ಗಂಟೆಯ ಹಾಗೆ ಮನೆ ತುಂಬಿತು.

"ಈಗ ನೋಡಿ. ಇದು ಇದಕ್ಕೆ ಸಮ. ಹಾಗಾದ್ರೆ ಇದನ್ನ ಇಲ್ಲಿಂದ ತೆಗೆದು ಇಲ್ಲಿ ಹಾಕಿ. ಹಾಕಿದ್ರಾ? ಇದೂ ಇದೂ ಹೊಡೆದುಹೋಯ್ತು. ಏನು ಉಳೀತು? ಇದು! ಇಷ್ಟೇ. ಇಷ್ಟು ಸುಲಭದ್ದಕ್ಕೆ ಯಾಕೆ ಮುಖ ಹಾಗೆ ಮಾಡ್ಕೊಂಡು ಕೂತಿದೀರಿ?"

ಅಡುಗೆಮನೆಯಿಂದ ಗಂಡ ಕೇಳಿದರು: "ಏನು ಉಳೀತೇ?"

"ಏನು?"

"ಇದೂ ಇದೂ ಹೋಗಿ ಇದು ಉಳೀತು ಅಂದ್ಯಲ್ಲ. ಏನದು?"

"ನೀವು ಸುಮ್ಮನಿರಿ. ಬೋರ್ಡ್ ನೋಡಿದ್ರೆ ಗೊತ್ತಾಗುತ್ತೆ."

"ಅಲ್ಲ, ಮನೇಲೂ ನೀನು ಹೀಗೇ. ರೀ, ಅದನ್ನ ಅಲ್ಲಿಂದ ತಗೊಂಡು ಇಲ್ಲಿಡಿ ಅಂತೀಯ. ನಾನು ಮದುವೆ ಆದಾಗಿಂದ ಹುಡುಕ್ತಾನೇ ಇದೀನಿ."

ಅವರು ತಮ್ಮ ಜೋಕಿಗೆ ತಾವೇ ನಕ್ಕು ಮತ್ತೆ ಬೀನ್ಸಿನ ನಾರು ಬಿಡಿಸತೊಡಗಿದರು. ಮೇಡಂ ನಗಲಿಲ್ಲ. ಬೋರ್ಡ್ ನೋಡಿದರೆ ಗೊತ್ತಾಗುತ್ತೆ ಎಂಬ ತಮ್ಮದೇ ಮಾತು ಅವರ ಬಾಯಲ್ಲಿ ಕಲ್ಲು ಸಿಕ್ಕಿದ ಹಾಗೆ ನಿಂತುಬಿಟ್ಟಿತ್ತು.

ಇನ್ನೊಂದು ಪಾಠ ಹಾಕಿದರು. "ಇಲ್ಲಿಂದ ಇಲ್ಲಿಗೆ ಒಂದು ಗೆರೆ." ಇನ್ನೊಂದು. "ಇದರ ಕೆಳಗೆ ಇದು, ಇದರ ಮೇಲೆ ಇದು." ನಡುನಡುವೆ ಬೋರ್ಡಿನ ಮೇಲೆ ಪೆನ್ನು ಸರಿದಾಡುವ ಸದ್ದು. ಬೋರ್ಡಿನ ಪುಟಗಳನ್ನಾದರೂ ಮಿಷನ್ ಓದಿರಬೇಕಲ್ಲ ಎಂದು ಅವನ್ನು ತೆರೆದರು. ಮೇಡಂ ಕೈಬರಹದಲ್ಲಿ ಬರೆದ ಪುಟಗಳು. ಅಚ್ಚಿನ ಅಕ್ಷರವಾದರೆ ಮಿಷನ್ ಓದುತ್ತದೆ, ಕೈಬರಹ ಕಂಡರೆ ಅದಕ್ಕೆ ಗೊತ್ತಾಗುವುದು ಒಂದೇ. ಒಳಗಿನ ಹೆಂಗಸಿನ ದನಿ ಬೇಸರವಿಲ್ಲದೆ ಹೇಳಿತು: "ಚಿತ್ರ." ಮುಂದಿನ ಪುಟ. "ಚಿತ್ರ." ಮುಂದಿನದು. "ಚಿತ್ರ."

ಹುಡುಗಿ ಒಂದು ದಿನ ಎದ್ದು ನಿಂತು, "ಮೇಡಂ, ಅದು ಬರೀ ಚಿತ್ರ ಅಂತ ಹೇಳುತ್ತೆ" ಅಂದದ್ದು ಅವರಿಗೆ ಈಗ ನೆನಪಾಯಿತು. ತಾವು ಹೇಳಿದ ಉತ್ತರವೂ ನೆನಪಾಯಿತು. "ಹೌದಮ್ಮ, ತ್ರಿಕೋನದ ಚಿತ್ರವೇ. ಕೂತ್ಕೋ."

ಕೊನೆಗೆ ಅವರು ಎಲ್ಲಕ್ಕಿಂತ ಹಳೆಯದನ್ನು, ಟ್ಯಾಬು ಬಂದ ಮೊದಲ ದಿನದ್ದನ್ನು ಹಾಕಿದರು. ಅದೇ ದನಿ, ಅದೇ "ಇದು ಇದಕ್ಕೆ". ಆದರೆ ಅದರಡಿಯಲ್ಲಿ, ಹತ್ತಿರದಲ್ಲೇ, ಇನ್ನೊಂದು ಸಣ್ಣ ದನಿ ಉಸಿರು ಬಿಡದೆ ಓಡುತ್ತಿತ್ತು: "ತ್ರಿಕೋನ ಹಾಕಿದ್ರು ಕಣೇ. ಮೇಲಿನ ಮೂಲೆ ಎ. ಕೆಳಗೆ ಎಡಗಡೆ ಬಿ, ಬಲಗಡೆ ಸಿ. ಬಿ ಹತ್ರ ಲಂಬಕೋನ. ಈಗ ಎಬಿ ಮೇಲೆ ಕೈಯಿಟ್ರು. ಅದನ್ನ ಕೆಳಗೆ ಬರೆದ್ರು, ಭಾಗಿಸು, ಎಸಿ. ಅಯ್ಯೋ, ತಪ್ಪು ಬರೆದ್ರು, ಅಳಿಸ್ತಿದಾರೆ, ತಾಳು." ಮತ್ತೆ ಮೇಡಂ ದನಿ, ಗುಡುಗಿನ ಹಾಗೆ: "ಯಾರದು ಪಿಸುಪಿಸು?"

ಟೀ ಆರಿಹೋಯಿತು. ಗಂಡ ಬಂದು ಲೋಟ ನೋಡಿ, ಹೆಂಡತಿಯನ್ನು ನೋಡಿ, "ಮಿಷನ್ ಕೆಟ್ಟಿದ್ಯಾ?" ಅಂದರು.

"ಮಿಷನ್ ಚೆನ್ನಾಗಿದೆ ರೀ," ಅಂದರು ಮೇಡಂ. "ಕೆಟ್ಟಿರೋದು ನಾನು. ಆ ಮಗುವಿಗೆ ಪಾಠ ಹೇಳ್ತಿದ್ದೋಳನ್ನ ಎಬ್ಬಿಸಿ ಕಿಟಕಿ ಪಕ್ಕಕ್ಕೆ ಓಡಿಸಿದೀನಿ."

ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಅವರು ಹುಡುಗಿಯ ಬೆಂಚಿನಲ್ಲಿ, ವಟವಟಳ ಖಾಲಿ ಜಾಗದಲ್ಲಿ ಕೂತಿದ್ದರು.

"ಯಾಕೆ ನಂಗೆ ಹೇಳಲಿಲ್ಲ?"

"ಒಂದ್ಸಲ ಹೇಳಿದೆ ಮೇಡಂ."

"ಇನ್ನೊಂದ್ಸಲ ಹೇಳಬೇಕಿತ್ತು. ಕಿರುಚಬೇಕಿತ್ತು."

"ನೀವು ಅಷ್ಟು ಜಗಳ ಆಡಿ ತಂದಿದೀರಿ. ಎಲ್ಲರೂ ಫೋಟೋ ತೆಗೆದ್ರು. ಇದರಿಂದ ಏನೂ ಆಗ್ತಿಲ್ಲ ಅಂತ ಹೇಗೆ ಹೇಳಲಿ?"

ಕೊಡುವವರು ಇಂಥ ಮಾತನ್ನು ಗೋಡೆಗೆ ಬರೆದು ತೂಗುಹಾಕಿಕೊಳ್ಳಬೇಕು. ಯಾರಿಗೆ ಹಕ್ಕಿನಿಂದ ಸಿಗಬೇಕೋ ಅವರಿಗೆ ದಾನದ ಹಾಗೆ ಕೊಟ್ಟು, ಗಲ್ಲ ಹಿಡಿದು ತಿರುಗಿಸಿ ಫೋಟೋ ತೆಗೆದರೆ, ಅವರು ಮುಂದೆ ಬಾಯಿ ಬಿಡುವುದಾದರೂ ಹೇಗೆ? ಕೊಟ್ಟ ಕೈಯ ಭಾರಕ್ಕೇ ನಾಲಿಗೆ ಮಡಿಚಿಹೋಗಿರುತ್ತದೆ. ಆಮೇಲೆ ನಾವೇ ಹೇಳುತ್ತೇವೆ, ಎಲ್ಲಾ ಕೊಟ್ಟೆವು, ಅವರಿಗೇ ಆಗಲಿಲ್ಲ ಅಂತ.

ಮೇಡಂ ಹೆಡ್‌ಮಾಸ್ಟರ ಹತ್ತಿರ ಹೋಗಿ, ಪಟ್ಟಿ ಕಳಿಸುವ ಮೊದಲು ಒಂದು ಪಾಠಕ್ಕೆ ಬಂದು ಕೂರಬೇಕು ಅಂದರು. ತಪ್ಪು ಹುಡುಗಿಯದಲ್ಲ, ತಮ್ಮದು ಅಂದರು. ಕಿರಿಕಿರಿ ಮೇಡಂ ಬಾಯಲ್ಲಿ ಇಂಥ ಮಾತನ್ನು ಹೆಡ್‌ಮಾಸ್ಟರು ಎಂದೂ ಕೇಳಿರಲಿಲ್ಲ. "ಶುಕ್ರವಾರ ಬರ್ತೀನಿ. ಶನಿವಾರ ಪಟ್ಟಿ ಹೋಗುತ್ತೆ, ಅದರಲ್ಲಿ ಬದಲಾವಣೆ ಇಲ್ಲ" ಅಂದರು.

ವಟವಟ ವಾಪಸು ಬಂದಳು. ಮೇಡಂ ಅವಳಿಗೂ ತರಗತಿಗೂ ಒಟ್ಟಿಗೇ ಹೇಳಿದರು: "ಬರೆಯೋದನ್ನೆಲ್ಲ ಇನ್ಮೇಲೆ ನಾನೇ ಬಾಯಿಬಿಟ್ಟು ಹೇಳ್ತೀನಿ. ಬೋರ್ಡಲ್ಲಿ ಟೈಪ್ ಮಾಡ್ತೀನಿ. ಅಭ್ಯಾಸ ಇಲ್ಲ, ತಪ್ಪುತ್ತೆ. ತಪ್ಪಿದ್ರೆ ಹೇಳಿ."

"ಹೇಗೆ ಹೇಳೋದು ಮೇಡಂ? ಮಾತಾಡಿದ್ರೆ ಬೈತೀರಿ," ಅಂದಳು ವಟವಟ. "ನೀವು ಸುಮ್ಮನೆ ಬೆರಳು ತೋರಿಸಿ ಇದು ಅಂದಾಗೆಲ್ಲ ಬೆಂಚು ಬಡೀಬಹುದಾ?"

"ಬಡೀರಿ."

ಮಕ್ಕಳಿಗೆ ಇದಕ್ಕಿಂತ ದೊಡ್ಡ ವರ ಉಂಟೇ? ಆ ದಿನ ಒಂಬತ್ತನೇ ತರಗತಿ ಬಡಗಿಯ ಅಂಗಡಿಯಾಯಿತು. ಪಕ್ಕದ ತರಗತಿಯ ಮೇಷ್ಟ್ರು ಎರಡು ಸಲ ಬಂದು ಇಣುಕಿ ಹೋದರು. ಮೇಡಂಗೆ ಬೆವರಿಳಿಯಿತು. ಇಷ್ಟು ವರ್ಷ ಪಾಠ ಹೇಳಿದ ಬಾಯಿ, ಬೆರಳಿನ ಸಹಾಯವಿಲ್ಲದೆ ಒಂದು ವಾಕ್ಯ ಮುಗಿಸಲಾರದೆ ತೊದಲುತ್ತಿತ್ತು. ಮುಂದಿನ ದಿನಗಳಲ್ಲಿ ಬಡಿತ ಕಡಿಮೆಯಾಯಿತು. ವಿಚಿತ್ರವೆಂದರೆ, ಎಂದೂ ಬಾಯಿ ಬಿಡದ ಕೊನೆಯ ಬೆಂಚಿನವರು ಕೈ ಎತ್ತಲು ಶುರುಮಾಡಿದರು. ಯಾಕೆಂದು ಮೇಡಂಗೆ ತಿಳಿಯಲಿಲ್ಲ, ಕೇಳಲು ಪುರುಸೊತ್ತೂ ಇರಲಿಲ್ಲ.

ಶುಕ್ರವಾರ ಹೆಡ್‌ಮಾಸ್ಟರು ಬಂದರು. ಒಂದು ಕಾಲದಲ್ಲಿ ಚರಿತ್ರೆ ಮೇಷ್ಟ್ರಾಗಿದ್ದವರು, ಗಣಿತವೆಂದರೆ ಅವರಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ನೇರ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಕೂತು ಬೋರ್ಡಿನ ಕಡೆ ನೋಡಿದರು. ಕಣ್ಣು ಕಿರಿದು ಮಾಡಿದರು. ಕನ್ನಡಕ ತೆಗೆದು ಒರೆಸಿದರು. ಪಕ್ಕದ ಹುಡುಗನನ್ನು ಮೆಲ್ಲಗೆ ಕೇಳಿದರು: "ಬೋರ್ಡಲ್ಲಿ ಏನೂ ಇಲ್ವಲ್ಲೋ?"

"ಇದೆ ಸರ್. ಇಲ್ಲಿಂದ ಕಾಣಲ್ಲ. ಕಿಟಕಿ ಬೆಳಕು ಹೊಡೆಯುತ್ತೆ, ಬರೀ ಕಿಟಕಿನೇ ಕಾಣುತ್ತೆ."

"ಯಾವಾಗಿಂದ?"

"ಈ ಬೋರ್ಡ್ ಬಂದಾಗಿಂದ ಸರ್."

"ಹೇಳಬಾರದಿತ್ತಾ?"

"ನೀವು ಉದ್ಘಾಟನೆ ಮಾಡಿದ್ದು ಸರ್."

ಹೆಡ್‌ಮಾಸ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಮುಂದೆ ಮೇಡಂ ಪಾಠ ಶುರುಮಾಡಿದ್ದರು. "ಲಂಬಕೋನ ತ್ರಿಕೋನ ಎಬಿಸಿ. ಎ ಮೇಲೆ. ಬಿ ಕೆಳಗೆ ಎಡಗಡೆ, ಲಂಬಕೋನ ಅಲ್ಲೇ ಬಿ ಹತ್ರ. ಸಿ ಕೆಳಗೆ ಬಲಗಡೆ. ಎ ಇಂದ ಸಿ ಗೆ ಇಳಿಜಾರಾಗಿ ಬರೋ ಉದ್ದದ ಗೆರೆ ಕರ್ಣ. ಈಗ ಬಿ ಇಂದ ಕರ್ಣದ ಮೇಲೆ ಲಂಬ ಎಳೀತೀನಿ, ಕರ್ಣವನ್ನ ಅದು ಮುಟ್ಟಿದ ಜಾಗ ಡಿ. ದೊಡ್ಡ ತ್ರಿಕೋನ ಎರಡು ಹೋಳಾಯ್ತು. ಈಗ ಈ ಹೋಳು..."

ಧಡಾರ್ ಎಂದು ಬೆಂಚುಗಳು ಗುಡುಗಿದವು. ಹೆಡ್‌ಮಾಸ್ಟರು ಎದ್ದು ನಿಂತೇಬಿಟ್ಟರು. "ಏನಿದು ಗಲಾಟೆ?"

"ಮೇಲಿನ ಹೋಳು, ಎಡಿಬಿ," ಎಂದು ಮೇಡಂ ಮಕ್ಕಳಿಗೆ ತಿದ್ದಿ ಹೇಳಿ, ಆಮೇಲೆ ಅವರ ಕಡೆ ತಿರುಗಿದರು. "ನನ್ನ ತಪ್ಪಿಗೆ ಬಡಿದ್ರು ಸರ್. ಕೂತ್ಕೊಳ್ಳಿ."

ಅವರು ಕೂತರು. ಮುಖದ ಮೇಲೆ ಸಿಟ್ಟಿತ್ತು, ಆದರೆ ಕಣ್ಣು ಮುಚ್ಚಿಕೊಂಡಿದ್ದರು. ಕಾಣದ ಬೋರ್ಡನ್ನು ನೋಡಿ ಪ್ರಯೋಜನವಿಲ್ಲವಲ್ಲ. ಎ, ಬಿ, ಸಿ ಎಂದು ಅವರ ಬೆರಳು ಮೇಜಿನ ಮೇಲೆ ಗೆರೆ ಎಳೆಯುತ್ತಿತ್ತು. ಒಂದು ಕಡೆ ಬೆರಳು ನಿಂತಿತು.

"ಒಂದು ನಿಮಿಷ ಮೇಡಂ. ಕರ್ಣ ಎಸಿ ಅಂದ್ರಿ. ಈಗ ಎಬಿ ಕರ್ಣ ಅಂತಿದೀರಿ. ಎಬಿ ಹೇಗೆ ಕರ್ಣ ಆಗುತ್ತೆ?"

ಮೇಡಂ ಬಾಯಿ ತೆರೆಯುವ ಮೊದಲೇ ಎರಡನೇ ಬೆಂಚಿನಲ್ಲಿ ಡ್ರೈವರ್ ಮಗಳು ಎದ್ದಳು. ದನಿ ಬಂದ ದಿಕ್ಕಿಗೆ ತಿರುಗಿ, ತಾನೇ ಗಲ್ಲವೆತ್ತಿ ಹೇಳಿದಳು.

"ಎಸಿ ದೊಡ್ಡ ತ್ರಿಕೋನಕ್ಕೆ ಕರ್ಣ ಸರ್. ಈಗ ಮೇಡಂ ಮೇಲಿನ ಚಿಕ್ಕ ತ್ರಿಕೋನ ತಗೊಂಡಿದಾರೆ, ಎಡಿಬಿ. ಅದರಲ್ಲಿ ಲಂಬಕೋನ ಡಿ ಹತ್ರ ಇದೆ. ಕರ್ಣ ಯಾವಾಗ್ಲೂ ಲಂಬಕೋನದ ಎದುರಿಗೇ ಇರುತ್ತೆ. ಡಿ ಎದುರಿಗಿರೋದು ಎಬಿ."

ಹೆಡ್‌ಮಾಸ್ಟರ ಬೆರಳು ಮೇಜಿನ ಮೇಲೆ ಡಿ ಹುಡುಕಿತು, ಅದರ ಎದುರಿಗೆ ಹೋಯಿತು, ಎಬಿ ಸಿಕ್ಕಿತು. "ಹೌದಲ್ಲ," ಅಂದರು, ತಮಗೇ ಹೇಳಿಕೊಂಡ ಹಾಗೆ.

ಗಂಟೆ ಹೊಡೆಯಿತು. ಅವರು ಎದ್ದು ಬಾಗಿಲ ತನಕ ಹೋಗಿ, ಹೊರಗೆ ಒಂದು ಕಾಲಿಟ್ಟು, ಮೇಡಂ ಕಡೆ ನೋಡದೆ, ಗಂಟಲು ಸರಿಮಾಡಿಕೊಂಡು ಗೊಣಗಿದರು: "ಆಯ್ತು ಬಿಡಿ. ಅದನ್ನ ಅದರಲ್ಲಿ ಹಾಕೋದು ಬೇಡ. ಅದು ಇಲ್ಲೇ ಇರಲಿ."

ಇಡೀ ತರಗತಿ ಬೆಂಚು ಬಡಿಯಿತು. ಕೊನೆಯ ಬೆಂಚಿನವರು ಎಲ್ಲರಿಗಿಂತ ಜೋರಾಗಿ ಬಡಿದರು. ಹೆಡ್‌ಮಾಸ್ಟರು ಕೆಂಪಾಗಿ ತಿರುಗಿ ನಿಂತರು. ಬಡಿತ ನಿಂತ ಮೇಲೆ ಡ್ರೈವರ್ ಮಗಳು ಕೂತಲ್ಲಿಂದಲೇ, ಬಹಳ ಮೆಲ್ಲಗೆ, ಮರ್ಯಾದೆಯಿಂದ ಕೇಳಿದಳು.

"ಯಾವುದನ್ನ ಸರ್? ಯಾವುದರಲ್ಲಿ?"

ಅವರು ಮೇಡಂ ಕಡೆ ನೋಡಿದರು. ಮೇಡಂ ಬೋರ್ಡಿನ ಪೆನ್ನು ಹಿಡಿದು ಗೋಡೆಗೆ ಒರಗಿ ನಿಂತಿದ್ದರು, ಸಹಾಯಕ್ಕೆ ಬರುವ ಹಾಗೆ ಕಾಣಲಿಲ್ಲ.

"ನಿನ್ನ ಹೆಸರನ್ನಮ್ಮ," ಅಂದರು ಹೆಡ್‌ಮಾಸ್ಟರು, ಒಂದೊಂದೇ ಮಾತನ್ನು ಬಿಡಿಸಿ. "ಗಣಿತ ಬಿಡೋರ ಪಟ್ಟಿಯಲ್ಲಿ ನಿನ್ನ ಹೆಸರು ಹಾಕಲ್ಲ. ನೀನು ಗಣಿತದ ಪರೀಕ್ಷೆಗೇ ಕೂರ್ತೀಯ."

ಈ ಸಲ ಯಾರೂ ಬೆಂಚು ಬಡಿಯಲಿಲ್ಲ.